ಹುಲಿಗೆವ್ವ ನೋಡಬಯಸಿದ ರಜಿಯಾ

ರಜಿಯಾ ಕಂಪ್ಯೂಟರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಅದು ತಡಮಾಡಿದರೆ, "ಏಳ್ರಿ ಸಾಹೇಬ್ರ, ಮಕ್ಕೊಂಡ್ರೇನು?" ಎನ್ನುವಳು. ಒಳಗೆ ರೊಟ್ಟಿ ಬಡಿಯುತ್ತ ನಾನೊಬ್ಬಳೇ ನಗುತ್ತಿದ್ದೆ. ಮಕ್ಕಳೇ, ಕೊಪ್ಪಳದ ಮನೆಯಲ್ಲಿ ಈಗ ನಿಮ್ಮ ಸೈಕಲ್ಲು ನಿಲ್ಲುವ ಮುಂದಿನ ಕೋಣೆಯಲ್ಲೇ ಅವಳು ಬಾಡಿಗೆಗಿದ್ದಳು.

ಉಚಿತವಾಗಿ ಕಣ್ಣಿನ ಆಪರೇಷನ್ ಮಾಡಿಸುವ ಒಂದು ಸಂಸ್ಥೆಯಲ್ಲಿ ಅವಳ ಕೆಲಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಶಿಬಿರಗಳಲ್ಲಿ ಹೆಸರು ಬರೆಸಿದವರನ್ನೆಲ್ಲ ಒಟ್ಟುಗೂಡಿಸಬೇಕು.

"ಕಂಪ್ಯೂಟರಿಗೆ ಊರಿಗೊಂದರಂಗ ನಾಲ್ಕು ಪ್ರಶ್ನೆ ಕೇಳ್ತೀನ್ರಿ ಅಮ್ಮಾ. ನಡುವ ಯೂನಿಯನ್ ಅಂತ ಬರದ್ರ ನಾಲ್ಕೂ ಉತ್ತರ ಒಂದರ ಕೆಳಗೊಂದು ಕೂಡ್ತಾವು. ಎರಡು ಕಡೆ ಬರೆಸಿದವ್ರು ಒಂದೇ ಸಲ ಉಳೀತಾರ."

"ಎರಡು ಕಡೆ ಯಾಕ ಬರಸ್ತಾರವ್ವಾ?"

"ಒಂದು ಕಳದ್ರ ಇನ್ನೊಂದಿರ್ಲಿ ಅಂತ! ನಮ್ಮ ಮಂದಿ ನಿಮಗ ಗೊತ್ತಿಲ್ಲೇನ್ರಿ?"

ಹಿಟ್ನಾಳದಲ್ಲಿ ಇಬ್ಬರು ಹುಲಿಗೆವ್ವರಿದ್ದರು. ಇಬ್ಬರ ಗಂಡಂದಿರ ಹೆಸರೂ ಹನುಮಪ್ಪ. ವಯಸ್ಸು ಕೇಳಿದರೆ ನಮ್ಮ ಕಡೆಯ ಮುದುಕಿಯರೆಲ್ಲ ಹೇಳುವಂತೆ ಇಬ್ಬರೂ ಅರವತ್ತು ಎಂದಿದ್ದರು. ಒಬ್ಬಳು ಕೊಪ್ಪಳದ ಶಿಬಿರದಲ್ಲಿ, ಇನ್ನೊಬ್ಬಳು ಗಂಗಾವತಿಯದರಲ್ಲಿ ಹೆಸರು ಬರೆಸಿದ್ದಳು. ಕಂಪ್ಯೂಟರು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿತು. ಒಬ್ಬಳಿಗೆ ಕರೆ ಹೋಯಿತು. ಇನ್ನೊಬ್ಬಳು ಕಾಯುತ್ತಲೇ ಕುಳಿತಳು. ಗೊತ್ತಾಗುವಷ್ಟರಲ್ಲಿ ಪೊರೆ ಬಲಿತು ಅವಳ ಒಂದು ಕಣ್ಣು ಪೂರ್ತಿ ಹೋಗಿತ್ತು.

ರಜಿಯಾ ನನ್ನನ್ನೂ ಕರೆದುಕೊಂಡು ಹಿಟ್ನಾಳಕ್ಕೆ ಹೋದಳು. ಬಸ್ಸಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಯೂನಿಯನ್ ಮುಂದ ಆಲ್ ಅಂತ ಬರೀಬೇಕಿತ್ರಿ. ಎಲ್ಲಾರೂ ಉಳೀತಿದ್ರು. ಹೆಚ್ಚಾದವ್ರನ್ನ ಆಮ್ಯಾಲೆ ಕೇಳಿ ತಗೀಬಹುದಿತ್ತು."

ಕಣ್ಣು ಹೋದ ಹುಲಿಗೆವ್ವ ತಡಕಾಡಿ ಅವಳ ಕೈ ಹಿಡಿದಳು. "ಅಳಬ್ಯಾಡ ನನ್ನವ್ವ. ಆ ಹುಲಿಗೆವ್ವಗರೆ ಕಣ್ಣು ಬಂದಾವಲ್ಲ. ಮೊದಲು ನನ್ನ ದನಿ ಕೇಳಿ ಬೈತಿದ್ಲು, ಈಗ ನೋಡಿ ಬೈತಾಳ."

ರಜಿಯಾ ನಗಲಿಲ್ಲ. ಓಡಾಡಿ, ಡಾಕ್ಟರರ ಕೈಕಾಲು ಹಿಡಿದು ಉಳಿದ ಕಣ್ಣಿಗೆ ಆಪರೇಷನ್ ಮಾಡಿಸಿದಳು. ಆದರೆ ಕೋಣೆಯಲ್ಲಿ ಕಂಪ್ಯೂಟರಿನ ಜೊತೆಗಿನ ಮಾತು ನಿಂತುಹೋಯಿತು. ಹುಲಿಗೆವ್ವನ ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಕೆಲಸ ಬಿಟ್ಟು ರಾಯಚೂರಿಗೆ, ಅಕ್ಕನ ಮನೆಗೆ ಹೊರಟಳು. ಇರು ಎನ್ನಬೇಕೆಂದುಕೊಂಡೆ. ರೊಟ್ಟಿ ಕಟ್ಟಿಕೊಟ್ಟೆ.

ವಾರ ಕಳೆದ ಮೇಲೆ ಹುಲಿಗೆವ್ವ ಬಂದಳು.

"ಆ ಹುಡುಗಿ ಮಾರಿ ನೋಡಾಕ ಬಂದೀನ್ರಿ."

"ಹೋದ್ಲವ್ವಾ. ಫೋನೂ ಎತ್ತವಲ್ಲಳು."

ಮೆಟ್ಟಿಲ ಮೇಲೆ ಕುಳಿತು ಕೇಳಿದಳು, "ಹೆಂಗದಾಳ್ರಿ ಆಕಿ?"

ಎತ್ತರ, ತೆಳ್ಳಗೆ, ಗದ್ದದ ಮೇಲೊಂದು ಮಚ್ಚೆ ಎಂದೆ.

"ಅದಲ್ರಿ. ತನ್ನ ಮ್ಯಾಲಿನ ಸಿಟ್ಟು ಇಳದೈತೇನು ಆಕಿಗೆ?"

ಚಹಾ ತರುತ್ತೇನೆಂದು ಒಳಗೆ ಹೋದೆ.