ಕುದ್ರೋಳಿಯಲ್ಲಿ ಇಳಿದ ನಾಯಕ ನಟ

ಅರುವತ್ತರ ದಶಕದಲ್ಲಿ ನಾನು ಮಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೆ. ಒಮ್ಮೆ ಮದ್ರಾಸಿನಿಂದ ಸನ್ಮಾನಕ್ಕೆ ಬಂದಿದ್ದ ಹಿರಿಯ ನಟರೊಬ್ಬರನ್ನು ಟಾಕೀಸಿಗೆ ಕರೆದೊಯ್ಯುವಾಗ, “ಮೊದಲು ಕುದ್ರೋಳಿಗೆ ಹೋಗುವ ಮಾರಾಯ, ನಾನು ಬೆಳೆದ ಜಾಗ” ಎಂದರು.

ಅಲ್ಲೊಂದು ಬಳೆಯಂಗಡಿಯ ಮುಂದೆ ಇಳಿದರು. ಒಳಗಿದ್ದ ನರೆಗೂದಲಿನ ಹೆಂಗಸು ಅವರನ್ನು ಕಂಡು ಬಳೆ ಜೋಡಿಸುವುದನ್ನು ನಿಲ್ಲಿಸಿದರು.

“ನನ್ನ ಸಿನೆಮಾ ನೋಡ್ತೀಯಾ ಕಮಲಾ?” ಎಂದು ನಟರು ಕೇಳಿದರು.

“ಒಂದೂ ನೋಡಲಿಲ್ಲ.”

“ಎಂತಕ್ಕೆ?”

“ಎಲ್ಲದರಲ್ಲೂ ಕೊನೆಗೆ ನಿನಗೆ ಮದುವೆ ಉಂಟಂತೆ. ಅದನ್ನು ಟಿಕೆಟ್ ತೆಗೆದು ನೋಡಬೇಕಾ?”

ನಟರು ನಗಲು ಹೋದರು, ಆಗಲಿಲ್ಲ. ಹೊರಟ ಮೇಲೆ, ಕಾರು ತಿರುಗುವವರೆಗೂ ಕಿಟಕಿಯಿಂದ ಹಿಂದೆಯೇ ನೋಡುತ್ತಿದ್ದರು.

ಸಭೆಯಲ್ಲಿ ಯಾರೋ, “ಇವರ ಸಿನೆಮಾ ನೋಡದವರು ಮಂಗಳೂರಿನಲ್ಲಿ ಒಬ್ಬರೂ ಇಲ್ಲ” ಎಂದು ಭಾಷಣ ಬಿಗಿದರು. ಟ್ಯಾಕ್ಸಿ ಡ್ರೈವರನಿಗೆ ಮೈಕು ಯಾರು ಕೊಡ್ತಾರೆ?