ಗಾಡಿ ಆಸ್ಪತ್ರೆ ಅಂಗಳದಲ್ಲೇ ಉಳಿದ ದಿನ

ಹಾಗಲ್ಲ ಮಗಳೇ, ಮೊದಲಿನಿಂದ ಹೇಳುತ್ತೇನೆ, ಕಾಲು ಚಾಚಿ ಕೂತು ಬರೆದುಕೋ. ನಿಮಗೆಲ್ಲ ಅವನು ಮಿಲಿಟರಿ ಅಜ್ಜ. ನನಗೆ ಮಾತ್ರ ತಮ್ಮ, ಪೀಪಿ. ಚಿಕ್ಕವನಿದ್ದಾಗ ಊಟದ ತಟ್ಟೆಯನ್ನೇ ಸ್ಟೇರಿಂಗ್ ಮಾಡಿಕೊಂಡು, ಬಾಯಲ್ಲಿ ಹಾರನ್ ಹೊಡೆಯುತ್ತ ಮನೆಯೆಲ್ಲ ಸುತ್ತುತ್ತಿದ್ದ. ಬಡಿಸೋಣವೆಂದರೆ ತಟ್ಟೆ ಕೈಗೆ ಸಿಗಬೇಕಲ್ಲ. ಅಮ್ಮ ಸೌಟು ಹಿಡಿದು ಹಿಂದೆ ಹಿಂದೆ... ಇರಲಿ, ಅದು ಬೇರೆ ಕಥೆ.

ದೊಡ್ಡವನಾಗಿ ಸೈನ್ಯದಲ್ಲಿ ಲಾರಿ ಓಡಿಸಿದ. ಒಮ್ಮೆ ಲಾರಿ ಮಗುಚಿ ಸೊಂಟ ಮುರಿಯಿತು. ನೋವಿಗೆಂದು ಕೊಟ್ಟ ಮಾತ್ರೆ, ನಿವೃತ್ತನಾಗಿ ಮನೆಗೆ ಬಂದಮೇಲೂ ಅವನನ್ನು ಬಿಡಲಿಲ್ಲ. ಯಾರು ಕೇಳಿದರೂ ‘ಒಂದೇ ಒಂದು ತಗೊಂಡೆ’ ಎನ್ನುತ್ತಿದ್ದ. ಚಿಕಿತ್ಸೆಗೆಂದು ಎರಡು ಸಲ ಹೊರಟು, ಎರಡು ಸಲವೂ ಆಸ್ಪತ್ರೆಯ ಗೇಟಿನಿಂದಲೇ ತಿರುಗಿ ಬಂದಿದ್ದ. ಈ ಸಲವೂ ಹಾಗಾದರೆ ಇವರು ನಮಗೆ ಉಳಿಯುವುದಿಲ್ಲ ಅತ್ತಿಗೆ ಎಂದು ಅವನ ಹೆಂಡತಿ ಅತ್ತಳು. ಅದಕ್ಕೇ ನಾನು ಸೆರಗು ಸಿಕ್ಕಿಸಿಕೊಂಡು ಅವನು ಓಡಿಸುವ ಕಾರಿನಲ್ಲಿ ಜೊತೆಗೆ ಕೂತೆ.

ಆಸ್ಪತ್ರೆಯ ಒಳಗೆ ಕೌನ್ಸೆಲರ್ ಅಂತ ನಿನ್ನ ವಯಸ್ಸಿನ ಹುಡುಗಿ. ಬೈಗುಳ ಕೇಳಲು ಇವನು ತಯಾರಾಗಿ ಕೂತಿದ್ದ. ಅವಳು ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ನೋವು ಇರಲಿ ಬಿಡಲಿ, ನೀವು ಎಂಥ ಮನುಷ್ಯರಾಗಿ ಬದುಕಬೇಕು ಅಂತ ಆಸೆ ಎಂದು ಕೇಳಿದಳು. ಇವನು ಎದೆ ಸೆಟೆಸಿ, ಶಿಸ್ತು, ನಿಷ್ಠೆ, ಕರ್ತವ್ಯ ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ.

“ಅದು ಪರೇಡಿಗಾಯ್ತು ಸರ್. ನಿಮ್ಮದು ಹೇಳಿ.”

ಇವನ ಕಣ್ಣು ಬಾಗಿಲ ಕಡೆಗೆ ಹೋಯಿತು. ಎದ್ದೇಬಿಟ್ಟ ಅಂದುಕೊಂಡೆ. ಆಮೇಲೆ ಮೆಲ್ಲಗೆ ಅಂದ: “ಬೆಟ್ಟದ ದಾರೀಲಿ ಹುಡುಗ್ರೆಲ್ಲ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೊಡೀತಿದ್ರು ಮೇಡಂ, ನಾನಿದ್ದೀನಿ ಅಂತ. ನನ್ನ ಗಾಡೀಲಿ ಕೂತೋರು ಹೆದರಬಾರದು. ಅಷ್ಟೇ.”

“ಹಾಗಾದ್ರೆ ಆ ಡ್ರೈವರ್ ಇವತ್ತು ಏನು ಮಾಡ್ತಾನೆ?”

ಇವನು ಜೇಬಿನಿಂದ ಕಾರಿನ ಕೀಲಿಕೈ ತೆಗೆದು ನನ್ನ ಮಡಿಲಿಗೆ ಹಾಕಿದ. “ಅಕ್ಕಾ, ನಿನ್ನ ಕೂರಿಸ್ಕೊಂಡು ಬರೋ ಮುಂಚೆ ನಾಲ್ಕು ನುಂಗಿದ್ದೆ. ದಾರೀಲಿ ಎರಡು ಸಲ ಕಣ್ಣು ಮುಚ್ಚಿತ್ತು.”

ನಾನು ಹೆದರಬೇಕಿತ್ತು, ಅಲ್ಲವಾ? ಹೆದರಿಕೆ ಆಮೇಲೆ ಬಂತು. ಆದರೆ ಮೊದಲು ಬಂದದ್ದು ನಿರಾಳ. ‘ಒಂದೇ ಒಂದು’ ಅನ್ನುವ ಆ ಹಾಳು ಮಾತು ಕೊನೆಗೂ ನಿಂತಿತಲ್ಲ.

“ನನಗೆ ಸೈಕಲ್ಲೇ ಬರಲ್ಲ, ಇದನ್ನ ಇಟ್ಕೊಂಡು ಏನು ಮಾಡ್ಲೋ?” ಅಂದೆ. ಅವನು ನಕ್ಕ. ನಗುತ್ತಲೇ ಅತ್ತ. ಕಾರು ಅಲ್ಲೇ ಉಳಿಯಿತು, ನಾವು ಬಸ್ಸು ಹತ್ತಿದೆವು. ಮರುದಿನ ಅವನೇ ಮುಂಚೆ ಎದ್ದು, ಆಸ್ಪತ್ರೆಗೆ ಹೋಗೋಣ ಎಂದು ಕರೆದ. ಆ ಮಾತ್ರೆಯ ಚಟ ಬಿಡಿಸಲು ಡಾಕ್ಟರು ನಾಲಿಗೆ ಕೆಳಗಿಡುವ ಔಷಧಿ ಶುರು ಮಾಡಿದರು. ಮೊದಮೊದಲು ಬೆವರು, ವಾಂತಿ, ಸಿಡುಕು, ಎಲ್ಲ ಆಯಿತು. ಗೇಟಿನಿಂದ ಮಾತ್ರ ತಿರುಗಿ ಬರಲಿಲ್ಲ. ಡಾಕ್ಟರು ಒಪ್ಪುವವರೆಗೆ ತಾನು ಓಡಿಸುವಂತಿಲ್ಲವಲ್ಲ, ಬೇರೆಯವರ ಕೈಲಿ ಕಾರು ಮನೆಗೆ ತರಿಸಿ ಹೆಂಡತಿಗೆ ಕಲಿಸುತ್ತಿದ್ದಾನೆ. ಬ್ರೇಕು, ಬ್ರೇಕು ಎಂದು ಇವನು, ಒತ್ತಿದೀನಿ ಸುಮ್ನಿರಿ ಎಂದು ಅವಳು. ಬೀದಿಗೆಲ್ಲ ಪುಕ್ಕಟೆ ನಾಟಕ.

ಇವತ್ತು ಅವಳಿಗೆ ಲೈಸೆನ್ಸ್ ಪರೀಕ್ಷೆ. ಪೆನ್ನು ಕೆಳಗಿಡು, ಚಪ್ಪಲಿ ಹಾಕಿಕೋ. ಔಷಧಿಗೆ ಅವನ ಜೊತೆ ಬಸ್ಸಿನಲ್ಲಿ ನೀನು ಹೋಗಿ ಬಾ. ಒಬ್ಬನೇ ಹೋಗ್ತೀನಿ ಅಂತಾನೆ, ಅವನ ಮಾತು ಕೇಳಬೇಡ.