ಬಸಲಿಂಗಮ್ಮನ ಕಸಬರಿಗೆ

ಮಸ್ಕಿಯಲ್ಲಿ ನಮ್ಮ ಎದುರು ಮನೆಯ ಬಸಲಿಂಗಮ್ಮನ ಕಸಬರಿಗೆ ಜಂತಿಗೆ ಸಿಕ್ಕಿಸಿದ್ದರೆ, ಆ ಮನೆಯವರು ಯಾರೋ ದಾರಿಯಲ್ಲಿದ್ದಾರೆಂದೇ ಅರ್ಥ. ಹೊರಟವರು ಊರು ಮುಟ್ಟುವ ಮೊದಲು ಮನೆ ಗುಡಿಸಿದರೆ ಅವರ ಹೆಜ್ಜೆಯನ್ನೇ ಅಳಿಸಿದಂತೆ ಎಂದು ಆಕೆ ದೃಢವಾಗಿ ನಂಬಿದ್ದಳು. ಸೊಸೆ ಸರೋಜಾ ಲಿಂಗಸುಗೂರಿನ ಸಂತೆಗೆ ಹೊರಟರೂ ಅತ್ತೆ ಕೇಳುವಳು: “ಎಷ್ಟು ತಾಸಿನ ದಾರಿ?”

“ಅತ್ತೀ, ಕಸಬರಿಗಿಗೂ ಒಂದು ಟಿಕೇಟ್ ತಗಸ್ರಿ,” ಎಂದು ಸರೋಜಾ ನಗುವಳು.

“ನಗಬ್ಯಾಡಬೇ. ಕಸ ಮಂದೀನ ತಿನ್ನಂಗಿಲ್ಲ. ದಾರಿ ತಿಂತೈತಿ.”

ಮೊಮ್ಮಗಳು, ಸರೋಜಾಳ ಮಗಳು ಸುಜಾತಾ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೊರಟಳು. ಹೈದರಾಬಾದಿನಿಂದ ಬೆಳಿಗ್ಗೆ ವಿಮಾನ. ಮುಟ್ಟುವುದು ಮಧ್ಯಾಹ್ನ ಒಂದು ಗಂಟೆಗೆಂದು ಟಿಕೇಟು ನೋಡಿ ಅಜ್ಜಿಗೆ ಹೇಳಿಹೋಗಿದ್ದಳು. ಓಣಿಯ ಅಯ್ಯನವರಾದ ನಾನು ಪೂಜೆ ಮುಗಿಸಿ ಹೊರಬಂದಾಗ ಬಸಲಿಂಗಮ್ಮ ಮನೆ ಗುಡಿಸಿ, ಕಸವನ್ನು ತಿಪ್ಪೆಗೆ ಹಾಕಿ ನಿಂತಿದ್ದಳು.

“ಒಂದು ಹೊಡೀತ್ರಿ ಅಯ್ನಾರ. ಹುಡುಗಿ ಮುಟ್ಟಿದಳು.”

“ಅದು ಲಂಡನ್ನಿನ ಗಡಿಯಾರದ ಒಂದು ಗಂಟಿ, ಬಸಲಿಂಗಮ್ಮ. ಅವರ ಹೊತ್ತು ನಮಗಿಂತ ಹಿಂದೈತಿ. ಸಾವಿರಾರು ಮೈಲಿ, ಹತ್ತು ತಾಸಿನ ಮ್ಯಾಲ ಹಾರಬೇಕು. ವಿಮಾನ ಇನ್ನೂ ಮುಗಿಲಾಗೈತಿ.”

ಆಕೆ ತಿಪ್ಪೆಗೆ ಹೋಗಿ, ಹಾಕಿದ ಕಸವನ್ನು ಸೆರಗಿನಲ್ಲಿ ತುಂಬಿ ತಂದು, ಪಡಸಾಲೆಯಿಂದ ಹೊಸ್ತಿಲವರೆಗೆ ಹರಡಿದಳು. ಮೊಮ್ಮಗಳ ಚಪ್ಪಲಿಯ ಮಣ್ಣು ಯಾವುದೆಂದು ಆಕೆಯ ಬೆರಳುಗಳು ಹುಡುಕುತ್ತಿದ್ದವು.

ಸಂಜೆ ಫೋನು ಬಂತು. ಸುಜಾತಾ ಸುಖವಾಗಿ ಇಳಿದಿದ್ದಳು. ಎಲ್ಲರೂ ಹಗುರಾದೆವು, ಬಸಲಿಂಗಮ್ಮನನ್ನು ಬಿಟ್ಟು. “ಈ ಸಲ ಬಿಟ್ಟಾನ್ರೀ ಶಿವ. ಮರ್ತಾನಂತ ತಿಳೀಬ್ಯಾಡ್ರಿ,” ಎಂದಳು. ಅಂದಿನಿಂದ ಆಕೆ, ತಪ್ಪು ಮಾಡಿದವಳ ಹಾಗೆ, ವಿಮಾನದ ಸದ್ದಿಗೆ ತಲೆಯೆತ್ತುವುದನ್ನು ಬಿಟ್ಟಳು.

ಮರುವರ್ಷದ ಬೇಸಿಗೆಯಲ್ಲಿ ಆಕೆ ಹಾಸಿಗೆ ಹಿಡಿದಳು. ಸಿಂಧನೂರಿನ ವೈದ್ಯರು ಮನೆಗೆ ಕರೆದೊಯ್ಯಿರೆಂದರು. ಸುದ್ದಿ ಕೇಳಿ ಸುಜಾತಾ ಲಂಡನ್ನಿನಿಂದ ವಿಮಾನ ಹತ್ತಿದಳು.

“ವಿಮಾನ ಇಳೀತೇನ್ರೀ ಅಯ್ನಾರ?” ಎಂದು ಬಸಲಿಂಗಮ್ಮ ಹಾಸಿಗೆಯಿಂದ ಕೇಳಿದಳು.

“ಇನ್ನೂ ಇಲ್ಲ. ನಡುರಾತ್ರಿ ಆಕೈತಿ.”

“ಹುಡುಗಿ ಮನಿ ಮುಟ್ಟೋತನಕ ಕಸಬರಿಗಿ ಇಳಸಬ್ಯಾಡ್ರಿ. ನಾ ಹೋದರೂ.”

ಆ ಇಳಿಹೊತ್ತಿನಲ್ಲೇ ಆಕೆ ಲಿಂಗೈಕ್ಯಳಾದಳು. ಬಿಸಿಲಿನ ದಿನ, ಕಾಯಲಾಗದೆ ಸಂಜೆಗೇ ಮಣ್ಣು ಕೊಟ್ಟೆವು. ಶವ ಹೊರಟ ಮನೆಯನ್ನು ಗುಡಿಸಿ ತೊಳೆಯಲೇಬೇಕು. ಓಣಿಯ ಹೆಂಗಸರು ನೀರಿನ ಕೊಡ ಹಿಡಿದು ನಿಂತಿದ್ದರು.

“ಶಾಸ್ತ್ರ ಏನಂತೈತ್ರೀ?” ಸರೋಜಾ ಕೇಳಿದಳು.

ಶಾಸ್ತ್ರ ನನಗೆ ತಿಳಿದಿತ್ತು. ಜಂತಿಯಲ್ಲಿದ್ದ ಕಸಬರಿಗೆಯನ್ನು ನೋಡಿದೆ. ಆಕಾಶದಲ್ಲಿದ್ದ ಹುಡುಗಿ ನೆನಪಾದಳು. “ಕೊಡ ಇಳಸ್ರಿ,” ಎಂದೆ.

ಬೆಳಕು ಹರಿಯುವಾಗ ಸುಜಾತಾ ಬಂದಳು. ನೆಲದ ತುಂಬ ವಿಭೂತಿ, ಬಾಡಿದ ಹೂವು, ಹೊತ್ತವರ ಹೆಜ್ಜೆಗಳು.

“ಯಾಕವ್ವಾ, ಕಸ ಹೊಡದಿಲ್ಲ?”

“ನೀ ಇನ್ನಾ ಮುಟ್ಟಿದ್ದಿಲ್ಲಬೇ,” ಎಂದಳು ತಾಯಿ. “ಈಗ ಇಳಸ್ತೀನಿ ತಡಿ.”

ಜಂತಿಯತ್ತ ಚಾಚಿದ ತಾಯಿಯ ಕೈಯನ್ನು ಸುಜಾತಾ ಹಿಡಿದುಕೊಂಡಳು. ಹೊಸ್ತಿಲು ದಾಟಿ ಹೊರಗೆ ಹೋಗಿದ್ದ ಹೆಜ್ಜೆಗಳನ್ನು ಬಹಳ ಹೊತ್ತು ನೋಡಿ, ನನ್ನತ್ತ ತಿರುಗಿದಳು.

“ಅಜ್ಜೀದು ಎಷ್ಟು ತಾಸಿನ ದಾರಿ ಐತ್ರೀ, ಅಯ್ನಾರ?”

ಜೀವಮಾನವೆಲ್ಲ ಪುರಾಣ ಹೇಳಿದವನು ನಾನು. ಕಸಬರಿಗೆಯನ್ನು ಇಳಿಸಿರೆಂದು ಹೇಳಲು ನನಗೆ ಬಾಯಿ ಬರಲಿಲ್ಲ.